ಗಾಡಿಯ ರೂಫ್ ಲೈನಿಂಗ್ ಒಳಗೆ ಲೈಟಿನ ವೈರ್ ಎಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರೂಸರ್ ಇರಲಿ, ಬೊಲೆರೊ ಇರಲಿ, ಸಣ್ಣ ಕಾರೇ ಇರಲಿ, ಒಳಗಿನ ಬೆಳಕು ಸಾಲುವುದಿಲ್ಲ ಅಂತ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ಜನ ಕೇಳುತ್ತಲೇ ಇರುತ್ತಾರೆ. ಎದುರಿಗೆ ನಿಂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಬರೆದು ಕಳಿಸಿದ್ದು ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಬಿಟ್ಟಿದ್ದೇನೆ. ಯಾವ ಲೈಟು ಚಂದ ಅನ್ನುವುದಕ್ಕಿಂತ ವೈರಿನ ಮಾತೇ ಇಲ್ಲಿ ಜಾಸ್ತಿ. ಲೈಟ್ ಕೆಟ್ಟರೆ ಕಣ್ಣಿಗೆ ಕಾಣುತ್ತದೆ, ಬದಲಿಸಬಹುದು. ಲೈನಿಂಗ್, ಅಂದರೆ ರೂಫಿನ ಒಳಗಿನ ಹೊದಿಕೆ, ಅದರ ಹಿಂದೆ ಹೋದ ವೈರನ್ನು ಮಾತ್ರ ಮತ್ತೆ ಯಾರೂ ತೆಗೆದು ನೋಡುವುದಿಲ್ಲ.

## ಶುರು ಮಾಡುವ ಮೊದಲು

ನಮ್ಮ ಕ್ರೂಸರ್‌ನಾಗ ಮುಂದ ಒಂದ ಲೈಟ್ ಐತಿ, ಹಿಂದಿನ ಸೀಟಿಗೆ ಬೆಳಕ ಬರೂದಿಲ್ಲ. ಇನ್ನೆರಡು ಹಾಕಿಸಬಹುದೇನ್ರಿ?

ಧಾರಾಳವಾಗಿ ಹಾಕಬಹುದು. ಉದ್ದನೆಯ ಗಾಡಿಗೆ ಮುಂದಿನ ಒಂದೇ ಲೈಟು ಯಾವತ್ತೂ ಸಾಲುವುದಿಲ್ಲ. ರಾತ್ರಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ, ಬಾದಾಮಿ ಬನಶಂಕರಿ ಜಾತ್ರೆಗೋ ಮನೆಮಂದಿಯೆಲ್ಲ ಹೊರಟಾಗ ಹಿಂದೆ ಕೂತವರು ಬುತ್ತಿ ಗಂಟು ಬಿಚ್ಚಬೇಕು, ಮಗುವಿನ ಬಟ್ಟೆ ಬದಲಿಸಬೇಕು, ಇಳಿಯುವಾಗ ಚಪ್ಪಲಿ ಹುಡುಕಬೇಕು. ಮೊಬೈಲ್ ಬೆಳಕಿನಲ್ಲಿ ಇದೆಲ್ಲ ಕಷ್ಟ. 3ರಿಂದ 5 ವ್ಯಾಟಿನ ಎಲ್‌ಇಡಿ ಎರಡು ಹಾಕಿದರೆ ಹಿಂದಿನ ಭಾಗಕ್ಕೆ ಸಾಕು. ಅದಕ್ಕಿಂತ ಜಾಸ್ತಿ ಬೆಳಕು ಒಳಗಿದ್ದರೆ ಡ್ರೈವರ್ ಕಣ್ಣಿಗೆ ತೊಂದರೆ.

ಲೈಟ್ ಹಾಕೋಕೆ ರೂಫ್ ಲೈನಿಂಗ್ ಪೂರ್ತಿ ಬಿಚ್ಚಬೇಕಾ?

ಬಹಳಷ್ಟು ಗಾಡಿಗಳಲ್ಲಿ ಬೇಕಿಲ್ಲ. ಒಂದು ಬದಿಯ ಅಂಚು ಸಡಿಲ ಮಾಡಿದರೆ ಕೆಲಸ ಆಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಅರ್ಧ ಎಳೆಯಿರಿ. ಆ ಬದಿಯ ಕೈಹಿಡಿ ಮತ್ತು ಬಿಸಿಲು ಮರೆಯ ಸ್ಕ್ರೂ ತೆಗೆಯಿರಿ. ಲೈನಿಂಗ್ ಎರಡು ಬೆರಳಿನಷ್ಟು ಕೆಳಗೆ ಬರುತ್ತದೆ, ವೈರ್ ತೂರಿಸಲು ಅಷ್ಟೇ ಜಾಗ ಸಾಕು. ಈಗಿನ ಕಾರುಗಳ ಲೈನಿಂಗ್ ಒಂದೇ ತುಂಡಿನ ಅಚ್ಚು ಹಲಗೆ. ಪೂರ್ತಿ ಇಳಿಸಿದರೆ ಬಾಗಿಲಿನಿಂದ ಹೊರಗೆ ತರುವಾಗಲೇ ಮಡಿಕೆ ಬೀಳುತ್ತದೆ, ಬಿದ್ದ ಮಡಿಕೆ ಹೋಗುವುದಿಲ್ಲ. ಮೇಲಿನ ಬಟ್ಟೆ ಜೋತು ಬಿದ್ದು ಹೇಗೂ ಬದಲಿಸಬೇಕಾಗಿದ್ದರೆ ಮಾತ್ರ ಕುಶನ್ ಕೆಲಸದವರ ಹತ್ತಿರ ಇಳಿಸಿ. ಹಾಗೆ ಇಳಿಸಿದ ದಿನವೇ ವೈರ್ ಕೆಲಸವನ್ನೂ ಮುಗಿಸಿಕೊಳ್ಳಿ.

ಆ ಬಟ್ಟೆ ಹಿಂದ ಏನೇನ್ ಇರ್ತಾವು?

ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. ಕಣ್ಣಿಗೆ ಕಾಣುವ ಬಟ್ಟೆ, ಅದರ ಬೆನ್ನಿಗೆ ತೆಳು ಫೋಮ್, ಅದಕ್ಕೆ ಅಂಟಿದ ಹಗುರ ಹಲಗೆ, ಆಮೇಲೆ ಸ್ವಲ್ಪ ಖಾಲಿ ಜಾಗ, ಕೊನೆಗೆ ರೂಫಿನ ತಗಡು. ತಗಡು ಬಾಗದಿರಲಿ ಅಂತ ಅಡ್ಡಕ್ಕೆ ಉಕ್ಕಿನ ಪಟ್ಟಿಗಳಿರುತ್ತವೆ. ಪಟ್ಟಿ ಇರುವ ಕಡೆ ಜಾಗ ತೀರಾ ಕಡಿಮೆ. ಖಾಲಿ ಜಾಗದಲ್ಲಿ ಕಂಪನಿ ಲೈಟಿನ ವೈರ್, ಆಂಟೆನಾ ಕೇಬಲ್, ಕೆಲವು ಕಾರುಗಳಲ್ಲಿ ಫೋನ್ ಮಾತಿಗೆ ಮೈಕಿನ ವೈರ್, ಹಿಂದೆ ಎಸಿ ಇರುವ ಗಾಡಿಯಲ್ಲಿ ಗಾಳಿಯ ಪೈಪು ಇರುತ್ತವೆ. ಎರಡೂ ಬದಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತದಲ್ಲಿ ಉಬ್ಬಿ ಕಿಟಕಿಯ ಮೇಲೆ ಇಳಿಯುವ ಚೀಲ) ಇದ್ದರೂ ಇರಬಹುದು. ಅದರ ಮಾತು ಮುಂದೆ ವಿವರವಾಗಿ ಇದೆ.

ಹಳೆಯ ಗಾಡಿಗಳಲ್ಲಿ ಹಲಗೆಯೇ ಇರುವುದಿಲ್ಲ. ರೆಕ್ಸಿನ್ನಿಗೆ ಜೇಬು ಹೊಲಿದು, ಅದರೊಳಗೆ ಕಬ್ಬಿಣದ ಸಲಾಕೆ ತೂರಿಸಿ, ರೂಫಿಗೆ ಬಿಗಿದಿರುತ್ತಾರೆ.

ನಾನೇ ಮನೆಯಲ್ಲಿ ಮಾಡಬಹುದಾ, ಇಲ್ಲಾ ಮಿಸ್ತ್ರಿ ಕಡೆ ಹೋಗಬೇಕಾ?

ಮಲ್ಟಿಮೀಟರ್ ಹಿಡಿಯಲು ಬಂದರೆ, ಫ್ಯೂಸ್ ಬಾಕ್ಸ್ ಎಲ್ಲಿದೆ ಅಂತ ಗೊತ್ತಿದ್ದರೆ, ಅರ್ಧ ದಿನದ ಬಿಡುವಿದ್ದರೆ ನೀವೇ ಮಾಡಬಹುದು. ಗಾಡಿಗೆ ಕರ್ಟನ್ ಏರ್‌ಬ್ಯಾಗ್ ಅಥವಾ ಸನ್‌ರೂಫ್ ಇದ್ದರೆ, ಅಥವಾ ವಾರಂಟಿ ಇನ್ನೂ ನಡೆಯುತ್ತಿದ್ದರೆ, ಅನುಭವ ಇರುವವರಿಗೇ ಕೊಡಿ. ಕೊಟ್ಟ ಮೇಲೂ ಪಕ್ಕದಲ್ಲಿ ನಿಂತು ಮೂರು ಮಾತು ಕೇಳಿ. ಫ್ಯೂಸ್ ಎಲ್ಲಿ ಹಾಕಿದಿರಿ? ಜಾಯಿಂಟ್ ಎಲ್ಲೆಲ್ಲಿವೆ? ವೈರ್ ಯಾವ ದಾರಿಯಲ್ಲಿ ಹೋಯಿತು? ಒಳ್ಳೆಯ ಮಿಸ್ತ್ರಿ ಈ ಮೂರಕ್ಕೂ ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ.

ಪೊಲೀಸರು, ಆರ್‌ಟಿಒದವರು ಏನಾದ್ರೂ ಅಂತಾರಾ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆ ಹೇಳುತ್ತದೆ. ಆರ್‌ಸಿಯಲ್ಲಿ ಬರೆದಿರುವ ಕಂಪನಿಯ ವಿವರ ಬದಲಾಗುವಂತೆ ಗಾಡಿಯನ್ನು ತಿದ್ದಬಾರದು ಅನ್ನುವುದು ಅದರ ತಿರುಳು. ಒಳಗೆ ಹಾಕುವ ಬಿಳಿ ಅಥವಾ ಹಳದಿ ಓದುವ ಲೈಟು ಆ ವಿವರವನ್ನು ಮುಟ್ಟುವುದಿಲ್ಲ. ತೊಂದರೆ ಬರುವುದು ಕೆಂಪು, ನೀಲಿ ಬಣ್ಣದಲ್ಲಿ ಮಿಣುಕುವ ಪಟ್ಟಿಗಳಿಂದ. ಅವು ಹೊರಗಿನವರಿಗೂ ಕಾಣುತ್ತವೆ, ಎದುರು ಬರುವವರನ್ನು ಗೊಂದಲಕ್ಕೆ ಹಾಕುತ್ತವೆ. ಅಂಥವನ್ನು ಹಾಕಲೇಬೇಡಿ.

ಏನೇನು ಸಾಮಾನು ತಂದಿಟ್ಟುಕೊಳ್ಳಬೇಕು?

ಗಾಡಿಗೆಂದೇ ಮಾಡಿದ, ಹಲವು ಎಳೆಯ ತಾಮ್ರದ ವೈರ್ ತನ್ನಿ. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ವೈರ್ ಬೇಡ, ಅದು ಅಲುಗಾಟಕ್ಕೆ ಮುರಿಯುತ್ತದೆ. ಬ್ಲೇಡ್ ಫ್ಯೂಸ್ ಮತ್ತು ಅದರ ಹೋಲ್ಡರ್, ಥಿಂಬಲ್ (ವೈರಿನ ತುದಿಗೆ ಹಾಕುವ ಲೋಹದ ಬಳೆ), ಅದನ್ನು ವೈರಿಗೆ ಒತ್ತಿ ಕಚ್ಚಿಸುವ, ಅಂದರೆ ಕ್ರಿಂಪ್ ಮಾಡುವ ಇಕ್ಕಳ, ಶಾಖಕ್ಕೆ ಕುಗ್ಗುವ ಸ್ಲೀವ್, ಬಟ್ಟೆಯ ಹಾರ್ನೆಸ್ ಟೇಪು, ಕೇಬಲ್ ಟೈ ಬೇಕು. ಕ್ಲಿಪ್ ಎಬ್ಬಿಸಲು ಪ್ಲಾಸ್ಟಿಕ್ಕಿನ ಚಪ್ಪಟೆ ಪಟ್ಟಿ ಇರಲಿ. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದರೆ ಅಂಚಿಗೆ ಗಾಯ ಆಗುತ್ತದೆ. ಆ ಗಾಡಿಗೆ ಹೊಂದುವ ನಾಲ್ಕೈದು ಹೊಸ ಕ್ಲಿಪ್ ಮೊದಲೇ ತಂದಿಡಿ, ಒಂದೆರಡು ಮುರಿದೇ ಮುರಿಯುತ್ತವೆ.

ಇನ್ನೊಂದು ಮಾತು. ಕೈ ತೊಳೆದುಕೊಂಡು ಕೆಲಸ ಶುರು ಮಾಡಿ. ನಮ್ಮ ಕಡೆಯ ಎರೆಮಣ್ಣಿನ ಧೂಳು ಬೀಡಿಂಗ್ ಸಂದಿಯಲ್ಲಿ ಕೂತಿರುತ್ತದೆ. ಅದೇ ಕೈಯಲ್ಲಿ ಬಿಳಿ ಲೈನಿಂಗ್ ಒತ್ತಿದರೆ ಬೆರಳಿನ ಗುರುತು ಹಾಗೇ ಉಳಿಯುತ್ತದೆ.

## ಕರೆಂಟಿನ ಲೆಕ್ಕ

ಇರೋ ರೂಫ್ ಲೈಟಿಂದಾನೆ ಕನೆಕ್ಷನ್ ತಗೊಂಡ್ರೆ ಆಗಲ್ವಾ?

ಒಂದೆರಡು ಸಣ್ಣ ಎಲ್‌ಇಡಿಗೆ ಆಗುತ್ತದೆ. ಹಳೆಯ ಬಲ್ಬು ಸಾಮಾನ್ಯವಾಗಿ 10 ವ್ಯಾಟಿನದು. ಅದನ್ನು ತೆಗೆದು 2 ವ್ಯಾಟಿನ ಎಲ್‌ಇಡಿ ಹಾಕಿದರೆ, ಉಳಿದ ವ್ಯಾಟಿನಲ್ಲಿ ಇನ್ನೆರಡು ಲೈಟು ನಡೆಯುತ್ತವೆ. ಕಂಪನಿಯ ವೈರಿನ ಮೇಲೆ ಹೊಸ ಭಾರ ಬೀಳುವುದಿಲ್ಲ, ರೂಫ್ ಹೊತ್ತ ಬದಿಯ ಕಂಬದೊಳಗೆ ಹೊಸ ವೈರ್ ಎಳೆಯುವ ಕೆಲಸವೂ ಉಳಿಯುತ್ತದೆ. ಸಣ್ಣ ಕಾರಿಗೆ ನಾನು ಹೇಳುವ ಮೊದಲ ದಾರಿ ಇದೇ.

ಆದರೆ ಯಾವ ವೈರ್ ಏನು ಅಂತ ಅಳೆದೇ ತಿಳಿಯಬೇಕು. ಬಹಳ ಗಾಡಿಗಳಲ್ಲಿ ಆ ಲೈಟಿಗೆ ಮೂರು ವೈರ್ ಬರುತ್ತವೆ. ಒಂದು ಯಾವಾಗಲೂ ಪ್ಲಸ್, ಒಂದು ಅರ್ಥ್ (ಬಾಡಿಗೆ ಸೇರುವ ಮೈನಸ್), ಇನ್ನೊಂದು ಬಾಗಿಲು ತೆರೆದಾಗ ಮಾತ್ರ ಅರ್ಥ್ ಸಿಗುವ ವೈರ್. ಬಾಗಿಲಿನ ಸ್ವಿಚ್ ಪ್ಲಸ್ ಬದಿಯನ್ನಲ್ಲ, ಅರ್ಥ್ ಬದಿಯನ್ನು ಕತ್ತರಿಸುತ್ತದೆ. ಇದು ಗೊತ್ತಿಲ್ಲದೆ ಹೊಸ ಲೈಟಿನ ಮೈನಸ್ಸನ್ನು ಆ ಮೂರನೇ ವೈರಿಗೆ ಕೊಟ್ಟರೆ ಬಾಗಿಲು ಮುಚ್ಚಿದ ಕೂಡಲೇ ಲೈಟು ಹೋಗುತ್ತದೆ. ಆಮೇಲೆ ಲೈಟೇ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಒಯ್ಯುತ್ತಾರೆ.

ಫ್ಯೂಸ್ ಯಾಕ್ ಬೇಕ್ರಿ, ಇಷ್ಟ ಸಣ್ಣ ಲೈಟಿಗೆ?

ಫ್ಯೂಸ್ ಇರುವುದು ಲೈಟಿಗಾಗಿ ಅಲ್ಲ, ವೈರಿಗಾಗಿ. ಲೈಟು ಸಣ್ಣದಿರಬಹುದು, ಬ್ಯಾಟರಿ ಸಣ್ಣದಲ್ಲ. ವೈರ್ ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಹೋಗಿ ಬಾಡಿಗೆ ತಾಗಿದರೆ, ಬ್ಯಾಟರಿ ನೂರಾರು ಆಂಪಿಯರ್ ದಬ್ಬುತ್ತದೆ. ವೈರ್ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಅದರ ಸುತ್ತ ಇರುವುದು ಫೋಮ್, ಬಟ್ಟೆ, ಅಂಟು, ಎಲ್ಲವೂ ಹತ್ತಿಕೊಳ್ಳುವಂಥವು. ಅದೂ ಜನರ ತಲೆಯ ಮೇಲೆಯೇ. ಫ್ಯೂಸ್ ಇದ್ದರೆ ಅದೊಂದೇ ಸುಟ್ಟು ವಿಷಯ ಮುಗಿಯುತ್ತದೆ.

ಕರೆಂಟ್ ತೆಗೆದುಕೊಂಡ ಜಾಗದಿಂದ ಒಂದು ಗೇಣಿನ ಒಳಗೇ ಫ್ಯೂಸ್ ಬರಬೇಕು. ಲೈಟಿನ ಹತ್ತಿರ ಹಾಕಿದರೆ ನಡುವಿನ ವೈರಿಗೆ ರಕ್ಷಣೆಯೇ ಇಲ್ಲ. ನಾಲ್ಕು ಲೈಟು, ತಲಾ 5 ವ್ಯಾಟು ಅಂದರೆ 20 ವ್ಯಾಟು. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 1.7 ಆಂಪಿಯರ್. ಇದಕ್ಕೆ 3 ಆಂಪಿಯರ್ ಫ್ಯೂಸ್ ಸರಿ. ಬ್ಲೇಡ್ ಫ್ಯೂಸಿನಲ್ಲಿ 3 ಆಂಪಿಯರಿನ ಬಣ್ಣ ನೇರಳೆ, 5 ತಿಳಿ ಕಂದು, 10 ಕೆಂಪು, 15 ನೀಲಿ. ಪದೇ ಪದೇ ಸುಡುತ್ತದೆ ಅಂತ ನೇರಳೆ ತೆಗೆದು ನೀಲಿ ಹಾಕುವುದನ್ನು ದಯವಿಟ್ಟು ಮಾಡಬೇಡಿ. ಸುಡುತ್ತಿದೆ ಅಂದರೆ ಎಲ್ಲೋ ವೈರ್ ತಾಗುತ್ತಿದೆ, ಅದನ್ನು ಹುಡುಕಿ.

ಎಷ್ಟು ದಪ್ಪದ ವೈರ್ ಹಾಕಬೇಕು?

ಮೇಲಿನ 20 ವ್ಯಾಟಿಗೆ 0.75 ಚದರ ಮಿಲಿಮೀಟರ್ ಸಾಕು. ಲೆಕ್ಕ ಹೀಗಿದೆ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.0175 ಓಮ್ ತಡೆ. ಫ್ಯೂಸ್ ಬಾಕ್ಸಿನಿಂದ ಹಿಂದಿನ ಲೈಟಿಗೆ 5 ಮೀಟರ್ ಅಂದರೆ ಹೋಗಿ ಬರುವುದು 10 ಮೀಟರ್. 0.75ರ ವೈರಿನಲ್ಲಿ ಒಟ್ಟು ತಡೆ 0.23 ಓಮ್ ಆಗುತ್ತದೆ. 1.7 ಆಂಪಿಯರಿಗೆ ಸುಮಾರು 0.4 ವೋಲ್ಟ್ ಇಳಿಯುತ್ತದೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಕೂದಲಿನಂಥ ಸ್ಪೀಕರ್ ವೈರ್ ಹಾಕಿದರೆ ಹಿಂದಿನ ಲೈಟು ಮುಂದಿನದಕ್ಕಿಂತ ಮಂಕಾಗುತ್ತದೆ. ತೀರಾ ದಪ್ಪದ್ದೂ ಬೇಡ. ಲೈನಿಂಗ್ ಮೇಲೆ ಅದರ ಗೆರೆ ಎದ್ದು ಕಾಣುತ್ತದೆ.

ಅರ್ಥ್ ರೂಫಿಗೇ ಸ್ಕ್ರೂ ಹೊಡೆದು ಕೊಡಬಹುದಾ?

ಬೇಡ. ರೂಫಿನ ಹೊರ ತಗಡಿಗೆ ಸ್ಕ್ರೂ ಹೊಡೆದರೆ ಮೇಲೆ ತೂತಾಗುತ್ತದೆ, ಇಲ್ಲವೇ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರು. ಅರ್ಥ್ ವೈರನ್ನೂ ಪ್ಲಸ್ ಜೊತೆಗೇ ಕೆಳಗೆ ತನ್ನಿ. ಡ್ಯಾಶ್‌ಬೋರ್ಡಿನ ಕೆಳಗೆ ಕಂಪನಿಯ ಅರ್ಥ್ ಬೋಲ್ಟ್ ಇರುತ್ತದೆ. ಅದಕ್ಕೆ ಥಿಂಬಲ್ ಹಾಕಿ ಬಿಗಿಯಿರಿ. ಬೋಲ್ಟಿನ ಕೆಳಗೆ ಪೇಂಟ್ ಇದ್ದರೆ ಕೆರೆದು ಹಾಕಿ.

ಜಾತ್ರ್ಯಾಗ ರಾತ್ರಿಪೂರ್ತಿ ಹಚ್ಚಿಟ್ರ ಬ್ಯಾಟ್ರಿ ಇಳಿತೈತೇನ್ರಿ?

ಅದೇ 20 ವ್ಯಾಟನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ಬಿಟ್ಟರೆ 8 ಗಂಟೆ. ಗಂಟೆಗೆ 1.7ರಂತೆ 13 ಆಂಪಿಯರ್-ಅವರ್ ಮೇಲೆ ಹೋಯಿತು. ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35ರ ಆಸುಪಾಸು. ಹೊಸ ಬ್ಯಾಟರಿ ಆದರೆ ಬೆಳಗ್ಗೆ ಸ್ಟಾರ್ಟ್ ಆಗಬಹುದು. ಎರಡು ಮೂರು ವರ್ಷ ನಮ್ಮ ಬಿಸಿಲು ಕಂಡ ಬ್ಯಾಟರಿಗೆ ಆ ಭರವಸೆ ಇಲ್ಲ, ಗಾಡಿ ತಳ್ಳಬೇಕಾದೀತು. ಹಾಗಾಗಿ ಹಿಂದಿನ ಲೈಟುಗಳನ್ನು ಎರಡು ಸ್ವಿಚ್‌ಗೆ ಹಂಚಿ. ರಾತ್ರಿಯೆಲ್ಲ ಬೇಕಾದರೆ 2 ವ್ಯಾಟಿನ ಒಂದೇ ಲೈಟು ಬಿಡಿ. ಅದು ಎಂಟು ಗಂಟೆಗೆ ಒಂದೂವರೆ ಆಂಪಿಯರ್-ಅವರ್ ಕೂಡ ತಿನ್ನುವುದಿಲ್ಲ.

ಮಕ್ಕಳು ಸ್ವಿಚ್ ಒತ್ತಿ ಮರೆಯುವ ಮನೆಯಾದರೆ ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿನಿಂದ ಕನೆಕ್ಷನ್ ತೆಗೆದುಕೊಳ್ಳಿ.

ಲಾರಿ, ಬಸ್ಸಿಗೂ ಇದೇ ಲೈಟು ನಡೆಯುತ್ತಾ?

ದೊಡ್ಡ ಲಾರಿ, ಬಸ್ಸುಗಳು 24 ವೋಲ್ಟಿನವು. 12 ವೋಲ್ಟಿನ ಲೈಟು ಹಾಕಿದರೆ ಸುಟ್ಟು ಹೋಗುತ್ತದೆ. ಮೊದಲು ಬ್ಯಾಟರಿ ಅಳೆಯಿರಿ. ಕಾರಿನಲ್ಲಿಯೂ ಎಂಜಿನ್ ಓಡುವಾಗ ವೋಲ್ಟ್ 14.4ರವರೆಗೆ ಏರುತ್ತದೆ. ಅಲಂಕಾರದ ಅಗ್ಗದ ಪಟ್ಟಿಗಳು ಬೇಗ ಸುಡುವುದಕ್ಕೆ ಇದೂ ಒಂದು ಕಾರಣ. 10ರಿಂದ 30 ವೋಲ್ಟ್ ಅಂತ ಬರೆದಿರುವ ಲೈಟು ತೆಗೆದುಕೊಂಡರೆ ಎರಡೂ ಕಡೆ ನಡೆಯುತ್ತದೆ.

## ವೈರ್ ಎಳೆಯುವ ಕೆಲಸ

ಏರ್‌ಬ್ಯಾಗ್ ಇರೋ ಕಾರಲ್ಲಿ ಲೈನಿಂಗ್ ಬಿಚ್ಚಿದ್ರೆ ಅಪಾಯಾನಾ?

ಅಜಾಗರೂಕತೆಯಿಂದ ಬಿಚ್ಚಿದರೆ ಹೌದು. ಇಡೀ ಕೆಲಸದಲ್ಲಿ ನಾನು ಕಟ್ಟುನಿಟ್ಟಾಗಿ ಹೇಳುವ ಜಾಗ ಇದೊಂದೇ.

ಮೊದಲು ಗಾಡಿಯಲ್ಲಿ ಕರ್ಟನ್ ಏರ್‌ಬ್ಯಾಗ್ ಇದೆಯಾ ನೋಡಿ. ಮುಂದಿನ ಅಥವಾ ನಡುವಿನ ಕಂಬದ ಪ್ಲಾಸ್ಟಿಕ್ ಮೇಲೆ, ಇಲ್ಲವೇ ಲೈನಿಂಗ್ ಅಂಚಿನಲ್ಲಿ, ಎಸ್‌ಆರ್‌ಎಸ್ ಏರ್‌ಬ್ಯಾಗ್ ಅಂತ ಬರೆದಿರುತ್ತದೆ. ಈಚಿನ ಸಣ್ಣ ಕಾರುಗಳಲ್ಲೂ ಇವು ಬಂದಿವೆ. 2024ರಲ್ಲಿ ಬಂದ ಹೊಸ ಸ್ವಿಫ್ಟಿನ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್ ಇವೆ. ಅಂದರೆ ಎರಡೂ ಬದಿಯ ರೂಫ್ ಅಂಚಿನಲ್ಲಿ ಒಂದೊಂದು ಕರ್ಟನ್ ಮಡಚಿ ಕೂತಿದೆ.

ಅಪಘಾತ ಆದಾಗ ಆ ಚೀಲ ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ಲೈನಿಂಗ್ ಅಂಚನ್ನು ತಳ್ಳಿಕೊಂಡು ಕಿಟಕಿಯ ಮೇಲೆ ಇಳಿಯುತ್ತದೆ. ಅದರ ದಾರಿಗೆ ಅಡ್ಡವಾಗಿ ನಿಮ್ಮ ವೈರ್ ಇದ್ದರೆ ಚೀಲ ಬಿಚ್ಚಿಕೊಳ್ಳುವುದು ತಡವಾಗಬಹುದು. ಅಂಚಿನಲ್ಲಿ ಹಾಕಿದ ಲೈಟು ಕಿತ್ತು ಬಂದು ಕೂತವರ ಮುಖಕ್ಕೆ ಬಡಿಯಬಹುದು. ಆದ್ದರಿಂದ ಚೀಲದ ಮೇಲೆ, ಮುಂದೆ ವೈರ್ ಹಾಯಿಸಬೇಡಿ. ಚೀಲಕ್ಕೆ ಕೇಬಲ್ ಟೈ ಸುತ್ತಲೇಬೇಡಿ. ಲೈಟು ಅಂಚಿನಲ್ಲಿ ಬೇಡ, ರೂಫಿನ ನಡುವೆ ಇರಲಿ.

ಹಳದಿ ಬಣ್ಣದ ಕೊಳವೆ, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಯಾವುದನ್ನೂ ತಾಗಿಸಬಾರದು. ಸೀಟ್ ಬೆಲ್ಟನ್ನು ಅಪಘಾತದಲ್ಲಿ ಬಿಗಿಯುವ ಸಾಧನ ಬೆಲ್ಟಿನ ಕಂಬದ ಕೆಳಗಿರುತ್ತದೆ. ಅದರ ವೈರಿಗೂ ಇದೇ ನಿಯಮ. ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಎಷ್ಟು ನಿಮಿಷ ಕಾಯಬೇಕು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ, ಅಷ್ಟು ಕಾಯಿರಿ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಪೆಟ್ಟಿಗೆಯಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ.

ಇಂಥ ಗಾಡಿಯಲ್ಲಿ ಕಂಬದ ಪ್ಲಾಸ್ಟಿಕ್ ತೆಗೆಯದೆ ಇರುವುದೇ ಒಳ್ಳೆಯದು. ಕಂಪನಿ ಲೈಟಿನ ತೂತಿನಿಂದಲೇ ಕರೆಂಟ್ ತೆಗೆದು, ರೂಫಿನ ನಡುವೆಯೇ ಹಿಂದಕ್ಕೆ ವೈರ್ ಒಯ್ಯಿರಿ.

ಬಟ್ಟೆ ಹಿಂದ ವೈರ್ ಹೆಂಗ ಎಳೀತಾರ್ರಿ? ನಡಬರಕ ಸಿಕ್ಕೊಂತೈತಿ.

ವೈರನ್ನೇ ನೇರವಾಗಿ ತಳ್ಳಲು ಹೋಗುವುದರಿಂದ ಸಿಕ್ಕಿಕೊಳ್ಳುತ್ತದೆ. ವೈರ್ ಮೆತ್ತಗಿನದು, ಫೋಮಿಗೆ ತಾಗಿ ಸುರುಳಿ ಆಗುತ್ತದೆ. ಮೊದಲು ಗಟ್ಟಿಯಾದ ಒಂದು ದಾರಿ ತೋರಿಸುವ ತಂತಿ ಕಳಿಸಬೇಕು. ಪರದೆ ಕಟ್ಟುವ, ಮೇಲೆ ಪ್ಲಾಸ್ಟಿಕ್ ಇರುವ ಸ್ಪ್ರಿಂಗ್ ಇದಕ್ಕೆ ಬಹಳ ಚೆನ್ನ. ಬಾಗುತ್ತದೆ, ಆದರೆ ಮಡಚುವುದಿಲ್ಲ. ಅಂಗಡಿಯಲ್ಲಿ ಸಿಗುವ ನೈಲಾನ್ ಪುಲ್ಲಿಂಗ್ ಸ್ಪ್ರಿಂಗ್ ಕೂಡ ಆಗುತ್ತದೆ. ಬರಿಯ ಕಬ್ಬಿಣದ ತಂತಿ ತೂರಿಸಬೇಡಿ. ಅದರ ಮೊನೆ ಬಟ್ಟೆ ಹರಿಯುತ್ತದೆ, ಕಂಪನಿ ವೈರಿನ ಸಿಪ್ಪೆ ಕೆರೆಯುತ್ತದೆ. ಬ್ಯಾಟರಿ ತೆಗೆಯದೆ ಲೈಟಿನ ಪಿನ್ನಿಗೆ ತಾಗಿದರೆ ಕಿಡಿ ಹಾರುತ್ತದೆ.

ಕಂಪನಿಯ ರೂಫ್ ಲೈಟ್ ಬಿಚ್ಚಿದರೆ ಒಂದು ತೂತು ಸಿಗುತ್ತದೆ. ಅದರೊಳಗೆ ಟಾರ್ಚ್ ಬಿಟ್ಟು ಅಡ್ಡ ಪಟ್ಟಿಗಳು ಎಲ್ಲಿವೆ ನೋಡಿ. ಪಟ್ಟಿಯ ಕೆಳಗೆ ಜಾಗ ಇಲ್ಲದಿದ್ದರೆ ಅದೇ ಪಟ್ಟಿಯಲ್ಲಿ ಕಂಪನಿ ಬಿಟ್ಟಿರುವ ತೂತು ಹುಡುಕಿ. ಸ್ಪ್ರಿಂಗ್ ತುದಿಗೆ ಟೇಪು ಸುತ್ತಿ ಮೊಂಡು ಮಾಡಿ. ಒಬ್ಬರು ತಳ್ಳಬೇಕು, ಇನ್ನೊಬ್ಬರು ಲೈನಿಂಗ್ ಮೇಲೆ ಅಂಗೈ ಇಟ್ಟು ಅದು ಎಲ್ಲಿಗೆ ಬಂತು ಅಂತ ಹೇಳಬೇಕು. ತುದಿ ಹೊರಬಂದ ಮೇಲೆ ಅದಕ್ಕೆ ವೈರ್ ಕಟ್ಟಿ. ಗಂಟು ಹಾಕಬೇಡಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಮುಂದೆ ಸಣ್ಣ, ಹಿಂದೆ ದಪ್ಪ ಬರುವಂತೆ ಟೇಪು ಸುತ್ತಿ. ಆಮೇಲೆ ನಿಧಾನವಾಗಿ ಎಳೆಯಿರಿ. ಸಿಕ್ಕರೆ ಜಗ್ಗಬೇಡಿ. ಒಂದು ಮೊಳ ಹಿಂದಕ್ಕೆ ಬಿಟ್ಟು, ಸ್ವಲ್ಪ ತಿರುವಿ, ಮತ್ತೆ ಎಳೆಯಿರಿ.

ವೈರ್ ಜೊತೆಗೆ ಒಂದು ನೈಲಾನ್ ದಾರವನ್ನೂ ಎಳೆದು ಒಳಗೇ ಬಿಡಿ. ಮುಂದೆ ಹಿಂದಿನ ಕ್ಯಾಮೆರಾನೋ ಇನ್ನೊಂದು ಲೈಟೋ ಬೇಕಾದರೆ ಆ ದಾರವೇ ದಾರಿ. ಪ್ರತಿ ಲೈಟಿನ ಹತ್ತಿರ ಒಂದು ಗೇಣು ವೈರ್ ಜಾಸ್ತಿ ಇಡಿ. ಎರಡೂ ತುದಿಗೆ ಯಾವ ಲೈಟಿನದು ಅಂತ ಚೀಟಿ ಅಂಟಿಸಿ. ಕೊನೆಗೆ, ಲೈನಿಂಗ್ ಮುಚ್ಚುವ ಮೊದಲೇ ಎಲ್ಲ ಲೈಟು ಹಚ್ಚಿ ನೋಡಿ.

ಬಿಸಿಲಿಗೆ ಟೇಪು ಕರಗಿ ಅಂಟು ಸೋರುತ್ತೆ. ಏನು ಮಾಡೋದು?

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಗಾಡಿಯ ರೂಫ್ ತಗಡು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ, ಕೈ ಇಡಲು ಆಗುವುದಿಲ್ಲ. ನಿಮ್ಮ ವೈರ್ ಇರುವುದು ಆ ತಗಡಿನ ಕೆಳಗೇ. ಮನೆ ವೈರಿಂಗಿನ ಕಪ್ಪು ಪಿವಿಸಿ ಟೇಪು ಅಲ್ಲಿ ತಾಳುವುದಿಲ್ಲ. ಅಂಟು ಜಾರಿ, ಟೇಪು ಬಿಚ್ಚಿ, ಜಾಯಿಂಟ್ ಬರಿ ಮೈ ಆಗುತ್ತದೆ. ಜಾಯಿಂಟಿಗೆ ಕುಗ್ಗುವ ಸ್ಲೀವ್, ವೈರ್ ಕಟ್ಟಿಗೆ ಬಟ್ಟೆಯ ಹಾರ್ನೆಸ್ ಟೇಪು ಬಳಸಿ. ಕಂಪನಿಯವರೂ ಅದನ್ನೇ ಸುತ್ತಿರುತ್ತಾರೆ.

ಎರಡು ಮುಖದ ಅಂಟು ಪಟ್ಟಿಯಲ್ಲಿ ವೈರನ್ನು ತಗಡಿಗೆ ಅಂಟಿಸುವುದೂ ಬೇಡ. ಒಂದು ಬೇಸಿಗೆಗೆ ಬಿಡುತ್ತದೆ. ಕಂಪನಿ ಹಾರ್ನೆಸ್ (ವೈರ್ ಕಟ್ಟು) ಇದ್ದ ಕಡೆ ಅದಕ್ಕೇ ಕಟ್ಟಿ. ಇಲ್ಲದ ಕಡೆ ಅಡ್ಡ ಪಟ್ಟಿಯ ತೂತಿಗೆ ಕೇಬಲ್ ಟೈ ಹಾಕಿ.

ಕ್ಲಿಪ್ ಬಿಚ್ಚುವಾಗ ಪಟಪಟ ಮುರಿಯುತ್ತವೆ. ಯಾವ ಹೊತ್ತಲ್ಲಿ ಬಿಚ್ಚಬೇಕು?

ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಪ್ಲಾಸ್ಟಿಕ್ ಗಡಸಾಗಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಗಾಡಿಯನ್ನು ಅರ್ಧ ಗಂಟೆ ಬಿಸಿಲಿಗೆ ನಿಲ್ಲಿಸಿ ಆಮೇಲೆ ಶುರು ಮಾಡಿ. ಬೇಸಿಗೆಯ ಮಧ್ಯಾಹ್ನ ಇದಕ್ಕೆ ಉಲ್ಟಾ. ಪ್ಲಾಸ್ಟಿಕ್ ಮೆತ್ತಗಿರುತ್ತದೆ ನಿಜ, ಆದರೆ ಬಟ್ಟೆಯ ಅಂಟೂ ಮೆತ್ತಗಾಗಿರುತ್ತದೆ. ಲೈನಿಂಗ್ ಒತ್ತಿದ ಕಡೆಯೆಲ್ಲ ಬಟ್ಟೆ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ, ಇಲ್ಲವೇ ಸಂಜೆ ಮಾಡಿ.

ಜಾಯಿಂಟ್ ತಿರುಚಿ ಟೇಪು ಸುತ್ತಿದ್ರೆ ಸಾಲಲ್ವಾ?

ಸಾಲುವುದಿಲ್ಲ. ಕಬ್ಬಿನ ಗಾಡಿ ಓಡಾಡಿ ಕಿತ್ತುಹೋದ ರಸ್ತೆಯಲ್ಲಿ ಗಾಡಿ ದಿನವಿಡೀ ಅಲುಗುತ್ತದೆ. ತಿರುಚಿದ ಜಾಯಿಂಟ್ ನಿಧಾನಕ್ಕೆ ಸಡಿಲ ಆಗುತ್ತದೆ. ಸಡಿಲ ಜಾಯಿಂಟ್ ಕಾಯುತ್ತದೆ. ಕ್ರಿಂಪ್ ಮಾಡಿ, ಮೇಲೆ ಸ್ಲೀವ್ ಹಾಕಿ. ಬೆಸುಗೆ ಹಾಕುವುದಾದರೆ ಬೆಸುಗೆ ಮುಗಿದ ಜಾಗದಲ್ಲಿ ವೈರ್ ಬಾಗದಂತೆ ಕಟ್ಟಬೇಕು. ಅಲುಗಾಟಕ್ಕೆ ವೈರ್ ಮುರಿಯುವುದು ಅಲ್ಲಿಯೇ. ವೈರಿಗೆ ಬ್ಲೇಡ್ ಚುಚ್ಚಿ ಕಚ್ಚುವ ಪ್ಲಾಸ್ಟಿಕ್ ಕನೆಕ್ಟರ್ ನನಗೆ ಇಷ್ಟವಿಲ್ಲ, ಕೆಲವು ಎಳೆಗಳನ್ನು ಅದು ಕತ್ತರಿಸಿಬಿಡುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ರೂಫಿನೊಳಗೆ ಜಾಯಿಂಟೇ ಇಲ್ಲದಿರುವುದು. ಪ್ರತಿ ಲೈಟಿಗೆ ಬೇರೆ ವೈರ್ ತಂದು, ಜಾಯಿಂಟ್‌ಗಳನ್ನೆಲ್ಲ ಡ್ಯಾಶ್‌ಬೋರ್ಡಿನ ಕೆಳಗೆ, ಕೈಗೆ ಸಿಗುವ ಕಡೆ ಇಡಿ. ವೈರ್ ಜಾಸ್ತಿ ಬೇಕಾಗುತ್ತದೆ. ಆದರೆ ಮುಂದೆ ಏನೇ ಕೆಟ್ಟರೂ ಲೈನಿಂಗ್ ಮುಟ್ಟಬೇಕಾಗುವುದಿಲ್ಲ.

ಹೊಸ ಲೈಟಿಗೆ ಲೈನಿಂಗ್‌ನಲ್ಲಿ ತೂತು ಕೊರೆಯೋದು ಹೇಗೆ?

ಮೊದಲು ಸೂಜಿ ಚುಚ್ಚಿ ಆಳ ನೋಡಿ. ತಗಡಿಗೂ ಹಲಗೆಗೂ ನಡುವೆ ಕೆಲವು ಕಡೆ ಬೆರಳಿನಷ್ಟು ಜಾಗವೂ ಇರುವುದಿಲ್ಲ. ಸಾಕಷ್ಟು ಆಳ ಇರುವ ಕಡೆ ಮಾಸ್ಕಿಂಗ್ ಟೇಪು ಅಂಟಿಸಿ, ಅದರ ಮೇಲೆ ಗುರುತು ಹಾಕಿ, ಹೊಸ ಬ್ಲೇಡಿನಿಂದ ಕೊಯ್ಯಿರಿ. ಡ್ರಿಲ್ ಬೇಡ, ಬಟ್ಟೆಯ ಎಳೆ ಸುತ್ತಿಕೊಂಡು ಉದ್ದಕ್ಕೆ ಹರಿಯುತ್ತದೆ. ಮೇಲೆಯೇ ಕೂರುವ ಲೈಟಾದರೆ ಸ್ಕ್ರೂ ಅರ್ಧ ಇಂಚು ದಾಟಬಾರದು. ಉದ್ದನೆಯ ಸ್ಕ್ರೂ ತಗಡಿಗೆ ತಾಗಿ ರೂಫಿನ ಹೊರಗೆ ಮೊಡವೆಯಂತೆ ಏಳುತ್ತದೆ.

ವೈರ್ ಹಾಕಿದ ಮೇಲೆ ರೂಫ್ ಒಳಗೆ ಟಕ್ ಟಕ್ ಸದ್ದು ಬರ್ತಿದೆ.

ಕಟ್ಟದೆ ಬಿಟ್ಟ ಕನೆಕ್ಟರ್ ತಗಡಿಗೆ ಬಡಿಯುತ್ತಿದೆ. ಅದಕ್ಕೆ ತೆಳು ಫೋಮ್ ಸುತ್ತಿ ಕಟ್ಟಿ. ಬೀಡಿಂಗ್ ಪೂರ್ತಿ ಕೂರದಿದ್ದರೂ ಹೀಗೆ ಸದ್ದು ಬರುತ್ತದೆ.

ಹಳೆ ಗಾಡಿ, ರೆಕ್ಸಿನ್ ಲೈನಿಂಗ್. ಇದಕ್ಕೂ ಹೀಗೇನಾ?

ಇಲ್ಲಿ ಎಳೆಯುವುದು ಇನ್ನೂ ಸುಲಭ, ಫೋಮ್ ಇರುವುದಿಲ್ಲ. ಆದರೆ ಹಳೆಯ ರೆಕ್ಸಿನ್ ಒಣಗಿರುತ್ತದೆ, ಒತ್ತಿದರೆ ಸೀಳುತ್ತದೆ. ಸಲಾಕೆ ಹೋಗುವ ಜೇಬಿನೊಳಗೆ ವೈರ್ ತೂರಿಸಬೇಡಿ. ಸಲಾಕೆಯ ತುದಿ ಚೂಪಾಗಿರುತ್ತದೆ, ವೈರಿನ ಸಿಪ್ಪೆ ಉಜ್ಜಿ ಹೋಗುತ್ತದೆ. ಲೈಟಿನ ಭಾರವನ್ನೂ ರೆಕ್ಸಿನ್ ಹೊರುವುದಿಲ್ಲ. ಅಡ್ಡ ಪಟ್ಟಿಗೆ ಸಣ್ಣ ಕ್ಲಾಂಪ್ ಹಾಕಿ ಅದಕ್ಕೆ ಲೈಟು ಬಿಗಿಯಿರಿ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಆಫ್ ಮಾಡಿದ್ರೂ ಎಲ್‌ಇಡಿ ಮಿಣಿಮಿಣಿ ಉರಿಯುತ್ತೆ. ಯಾಕೆ?

ಎಲ್‌ಇಡಿಗೆ ಉರಿಯಲು ತೀರಾ ಕಡಿಮೆ ಕರೆಂಟ್ ಸಾಕು. ಬೆಳಗುವ ಸ್ವಿಚ್ಚಿನ ಮೂಲಕ, ಅಥವಾ ಗಾಡಿಯ ಕಂಪ್ಯೂಟರ್ ಮೂಲಕ ಸೋರುವ ಅಷ್ಟು ಕರೆಂಟಿಗೇ ಅದು ಮಿಣುಕುತ್ತದೆ. ಹಳೆಯ ಬಲ್ಬಿಗೆ ಅಷ್ಟು ಏನೂ ಆಗುತ್ತಿರಲಿಲ್ಲ, ಹಾಗಾಗಿ ಗೊತ್ತಾಗುತ್ತಿರಲಿಲ್ಲ. ಲೈಟಿನ ಪ್ಲಸ್ ಮೈನಸ್ ನಡುವೆ 1 ಕಿಲೋ ಓಮಿನ, ಅರ್ಧ ವ್ಯಾಟಿನ ರೆಸಿಸ್ಟರ್ ಹಾಕಿದರೆ ಸೋರಿದ ಕರೆಂಟ್ ಅದರಲ್ಲಿ ಹರಿದು ಹೋಗುತ್ತದೆ, ಲೈಟು ಆರುತ್ತದೆ.

ಬಾಗಿಲು ತೆಗೆದ ತಕ್ಷಣ ಹೊಸ ಲೈಟೂ ಹತ್ತಬೇಕು. ರಿಲೇ ಹಾಕಿದೆ, ಗುಂಯ್ ಅಂತ ಸದ್ದು ಮಾಡ್ತಿದೆ.

ಈಗಿನ ಗಾಡಿಗಳಲ್ಲಿ ರೂಫ್ ಲೈಟು ಒಮ್ಮೆಲೇ ಆರುವುದಿಲ್ಲ, ನಿಧಾನಕ್ಕೆ ಮಂಕಾಗುತ್ತದೆ. ಹಾಗೆ ಮಾಡಲು ಗಾಡಿಯ ಕಂಪ್ಯೂಟರ್ ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡುತ್ತದೆ. ಕಣ್ಣಿಗೆ ಅದು ಮಂಕಾಗಿ ಕಾಣುತ್ತದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ನಡೆಯುವ ಸ್ವಿಚ್, ಅದಕ್ಕೆ ಅದೇ ಕರೆಂಟ್ ಕೊಟ್ಟರೆ ಅದರ ನಾಲಿಗೆ ನಡುಗುತ್ತದೆ. ನಿಮಗೆ ಕೇಳುತ್ತಿರುವ ಸದ್ದು ಅದು. ಬಹಳ ದಿನ ಹೀಗೇ ಬಿಟ್ಟರೆ ರಿಲೇಯ ಕಾಂಟ್ಯಾಕ್ಟ್ ಸುಡುತ್ತದೆ.

ಹಳೆಯ ಸರಳ ಗಾಡಿಯಾದರೆ ರಿಲೇ ಸರಿ. ರಿಲೇ ಪಿನ್ನುಗಳ ಸಂಖ್ಯೆ ನೋಡಿ, 30ಕ್ಕೆ ಫ್ಯೂಸ್ ಮೂಲಕ ಪ್ಲಸ್, 87ರಿಂದ ಲೈಟಿಗೆ, 86ಕ್ಕೆ ಪ್ಲಸ್, 85ಕ್ಕೆ ಬಾಗಿಲಿನ ಸ್ವಿಚ್ ವೈರ್. ಹೊಸ ಗಾಡಿಯಲ್ಲಿ ಕಂಪ್ಯೂಟರಿನ ವೈರ್ ಮುಟ್ಟಬೇಡಿ ಅಂತಲೇ ಹೇಳುತ್ತೇನೆ. ಆ ವೈರ್ ಹೊರುವ ಭಾರಕ್ಕೆ ಮಿತಿ ಇದೆ. ಅದು ಕೆಟ್ಟರೆ ಇಡೀ ಪೆಟ್ಟಿಗೆ ಬದಲಿಸಬೇಕಾಗಬಹುದು. ಹಿಂದಿನ ಲೈಟಿಗೆ ಕೈಗೆ ಸಿಗುವ ಬೇರೆ ಸ್ವಿಚ್ ಸಾಕು.

ಲೈಟ್ ಹಚ್ಚಿದ ಕೂಡ್ಲೆ ಧಾರವಾಡ ಸ್ಟೇಷನ್ ಕರಕರ ಅಂತೈತಿ.

ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ, ಮೀಡಿಯಂ ವೇವ್‌ನಲ್ಲಿ ಬರುತ್ತದೆ. ಅಗ್ಗದ ಎಲ್‌ಇಡಿಯೊಳಗಿನ ಸಣ್ಣ ಡ್ರೈವರ್ ಬೋರ್ಡಿನಿಂದ ಹೊರಡುವ ಗಲಾಟೆ ಮೀಡಿಯಂ ವೇವ್‌ಗೆ ಜಾಸ್ತಿ ತಾಗುತ್ತದೆ, ಎಫ್‌ಎಮ್‌ಗೆ ಕಡಿಮೆ. ಮೊದಲು ವೈರ್ ದಾರಿ ನೋಡಿ. ಆಂಟೆನಾ ಕೇಬಲ್ ಪಕ್ಕದಲ್ಲೇ ಹೋಗಿದ್ದರೆ ಒಂದು ಗೇಣಾದರೂ ದೂರ ಸರಿಸಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಪ್ಲಸ್ ಮೈನಸ್ ಎರಡೂ ವೈರ್‌ಗಳನ್ನು ಒಂದಕ್ಕೊಂದು ಹೊಸೆದು ಎಳೆಯಿರಿ. ಲೈಟಿನ ಹತ್ತಿರ ವೈರಿಗೆ ಫೆರೈಟ್ ಮಣಿ (ಆ ಗಲಾಟೆ ತಡೆಯುವ ಬಳೆ) ಹಾಕಿ. ಇಷ್ಟಕ್ಕೂ ಹೋಗದಿದ್ದರೆ ಡ್ರೈವರ್ ಬೋರ್ಡ್ ಇಲ್ಲದ, ರೆಸಿಸ್ಟರ್ ಮಾತ್ರ ಇರುವ ಲೈಟು ಹಾಕಿ. ಅದು ಸದ್ದು ಮಾಡುವುದಿಲ್ಲ.

ಸನ್‌ರೂಫ್ ಇದೆ. ವೈರ್ ಎಲ್ಲಿಂದ ತರೋದು?

ಸನ್‌ರೂಫ್ ಚೌಕಟ್ಟಿನ ಮೂಲೆಗಳಿಂದ ನೀರು ಇಳಿಯುವ ರಬ್ಬರ್ ಕೊಳವೆಗಳು ಕಂಬದೊಳಗೆ ಹೋಗುತ್ತವೆ. ಅವುಗಳಿಗೆ ವೈರ್ ಕಟ್ಟಿ ಬಿಗಿದರೆ ಕೊಳವೆ ಹಿಚುಕಿ, ಮಳೆ ನೀರು ಸೀಟಿನ ಮೇಲೆ ಇಳಿಯುತ್ತದೆ. ಬಾಗಿಲು ಜಾರುವ ಹಳಿಯ ಹತ್ತಿರವೂ ವೈರ್ ಸುಳಿಯಬಾರದು. ಚೌಕಟ್ಟಿನ ಹಿಂಭಾಗದಲ್ಲಿ ಮಾತ್ರ ಹೊಸ ಲೈಟು ಹಾಕುವುದು ಕ್ಷೇಮ.

ಹಿಂದಿನ ಡೋರಿಗೂ ಒಂದು ಲೈಟ್ ಬೇಕು. ಮೇಲಕ್ಕೆ ಏಳೋ ಡೋರು.

ರೂಫಿಗೂ ಡೋರಿಗೂ ನಡುವೆ ಸುಕ್ಕು ಸುಕ್ಕಾದ ರಬ್ಬರ್ ಕೊಳವೆ ಇರುತ್ತದೆ, ವೈರನ್ನು ಅದರೊಳಗೇ ತನ್ನಿ. ಹೊರಗಿನಿಂದ ತಂದರೆ ಬಾಗಿಲಿಗೆ ಸಿಕ್ಕಿ ಕತ್ತರಿಸುತ್ತದೆ. ಡೋರು ತೆರೆದು ಮುಚ್ಚುವಾಗ ಬಾಗುವ ಜಾಗ ಅದು. ತುಂಬಾ ಎಳೆಗಳಿರುವ ಮೆತ್ತನೆಯ ವೈರ್ ಹಾಕಿ, ಜಾಯಿಂಟ್ ಅಲ್ಲಿ ಬೇಡ. ಡೋರು ಪೂರ್ತಿ ತೆರೆದಾಗ ವೈರ್ ಬಿಗಿಯಬಾರದು.

ಖಾನಾಪುರ ಕಡೆ ಮಳೆ ಜಾಸ್ತಿ. ವೈರ್ ಹಾಕಿದ ಮೇಲೆ ಲೈಟಿನಿಂದ ನೀರು ತೊಟ್ಟಿಕ್ಕುತ್ತಿದೆ.

ವೈರ್ ನೀರನ್ನು ತರುವುದಿಲ್ಲ, ಒಳಗೆ ಬಂದ ನೀರಿಗೆ ದಾರಿ ತೋರಿಸುತ್ತದೆ. ರೂಫಿನ ಪಕ್ಕದ ನೀರು ಹರಿಯುವ ಸಂದಿಯಲ್ಲೋ, ಆಂಟೆನಾ ಬುಡದಲ್ಲೋ, ಕ್ಯಾರಿಯರ್ ಬೋಲ್ಟಿನಲ್ಲೋ ಮೊದಲೇ ಸೋರಿಕೆ ಇರುತ್ತದೆ. ಮೊದಲು ಫೋಮ್ ಕುಡಿಯುತ್ತಿತ್ತು, ಈಗ ವೈರ್ ಹಿಡಿದು ಲೈಟಿಗೆ ಬರುತ್ತದೆ. ಲೈಟು ತೆಗೆದು ಫ್ಯೂಸ್ ಬಿಚ್ಚಿ. ರೂಫಿನ ಮೇಲೆ ಒಂದೊಂದು ಕಡೆಗೆ ನೀರು ಬಿಟ್ಟು ಎಲ್ಲಿಂದ ಬರುತ್ತದೆ ಅಂತ ಹುಡುಕಿ ಮುಚ್ಚಿಸಿ. ಆಮೇಲೆ ಲೈಟಿಗೆ ಬರುವ ಮುಂಚೆ ವೈರನ್ನು ಸ್ವಲ್ಪ ಕೆಳಗೆ ಇಳಿಸಿ ಮೇಲಕ್ಕೆ ತನ್ನಿ, ತೊಟ್ಟು ಅಲ್ಲೇ ಉದುರುತ್ತದೆ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೆ. ಹಿಂದಿನವರು ಏನೋ ಲೈಟ್ ಹಾಕಿದ್ದಾರೆ. ನಂಬಬಹುದಾ?

ನೋಡದೆ ನಂಬಬೇಡಿ. ಆ ಲೈಟಿನ ವೈರ್ ಎಲ್ಲಿಂದ ಕರೆಂಟ್ ತರುತ್ತಿದೆ ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗಿ. ನೇರ ಬ್ಯಾಟರಿಗೆ ಹೋಗಿ ಫ್ಯೂಸ್ ಇಲ್ಲದಿದ್ದರೆ ಅವತ್ತೇ ಬಿಚ್ಚಿ. ಎಲ್ಲ ಲೈಟು ಆರಿಸಿ, ಬಾಗಿಲು ಹಾಕಿ, ಗಾಡಿ ನಿದ್ದೆಗೆ ಹೋಗಲು ಅರ್ಧ ಗಂಟೆ ಬಿಡಿ. ಆಮೇಲೆ ಬ್ಯಾಟರಿಯ ಮೈನಸ್‌ನಲ್ಲಿ ಮೀಟರ್ ಹಿಡಿದು ಅಳೆಯಿರಿ. ಹತ್ತಾರು ಮಿಲಿ ಆಂಪಿಯರ್ ಇದ್ದರೆ ಸರಿ, ನೂರಾರು ಇದ್ದರೆ ಎಲ್ಲೋ ಸೋರುತ್ತಿದೆ. ಲೈಟಿನ ಸುತ್ತ ಲೈನಿಂಗ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿ ಏನೋ ಕಾದಿದೆ ಅಂತ ಅರ್ಥ.

ವೈರ್ ತೆಗೆಯಬೇಕಾಗಿ ಬಂದರೆ ಸುಮ್ನೆ ಎಳೆದು ಬಿಸಾಡಬೇಡಿ. ಬ್ಯಾಟರಿ ಬಿಚ್ಚಿ, ಹಳೆಯ ವೈರಿನ ಒಂದು ತುದಿಗೆ ಹೊಸ ವೈರ್ ಕಟ್ಟಿ, ಇನ್ನೊಂದು ತುದಿಯಿಂದ ಎಳೆಯಿರಿ. ಹಳೆಯದು ಏರ್‌ಬ್ಯಾಗಿನ ದಾರಿಯಲ್ಲಿ ಹೋಗಿಲ್ಲ ಅಂತ ಮೊದಲು ಖಾತ್ರಿ ಮಾಡಿಕೊಂಡರೆ, ಲೈನಿಂಗ್ ಇಳಿಸದೆ ಹೊಸದು ಅದೇ ದಾರಿಯಲ್ಲಿ ಬಂದು ಕೂರುತ್ತದೆ.